ಫ್ಯಾನಿನ ಸಿನಿಮಾ

ಕೇಸರೆ, ಎರಡನೇ ಅಡ್ಡರಸ್ತೆ, ಷಮೀಮಳ ಪಡಸಾಲೆ.
ಮಣೆ ಮುಂದೆ ನಾವು ಮೂವರು.
ಅಕ್ಕಿ ಡಬ್ಬಕ್ಕೆ ಒರಗಿಸಿದ ಫೋನು,
ಜಾರದ ಹಾಗೆ ಅದರ ಕಾಲಿಗೊಂದು ಈರುಳ್ಳಿ.

ಕೈ ಮಾತ್ರ ಯಾರದ್ದೂ ಖಾಲಿಯಿಲ್ಲ.
ಇದ್ದಿಲ ಹಿಟ್ಟು ಮಣಿಕಟ್ಟಿನವರೆಗೆ ಮೆತ್ತಿಕೊಂಡಿದೆ.
ಕಡ್ಡಿ ಇಟ್ಟು ಒಮ್ಮೆ ಹೊಸೆದರೆ ಒಂದು ಊದುಬತ್ತಿ.
ಸಾವಿರಕ್ಕೆ ಇಷ್ಟು ಅಂತ ಕೂಲಿ.
ಸಾವಿರ ಮುಗಿಯೋಕೆ ಒಂದು ಸಿನಿಮಾ ಬೇಕು,
ಹಾಡು ಓಡಿಸದೆ ನೋಡಿದರೆ.

ಈಗ ನಮ್ಮ ದೊಡ್ಡ ಕಷ್ಟ ಯಾವುದು ಕೇಳಿ: ಜಾಹೀರಾತು.
ಅವಳು ಅಳುತ್ತಾ ಬಾಗಿಲು ತೆಗೆಯೋ ಹೊತ್ತಿಗೆ ಸರಿಯಾಗಿ
ಯಾವನೋ ಬಂದು ನಗುತ್ತಾ ಗೋಡೆಗೆ ಬಣ್ಣ ಬಳೀತಾನೆ.
ಐದು ಎಣಿಸಿ ಒತ್ತಿದರೆ ಹೋಗ್ತಾನೆ, ಸರಿ.
ಒತ್ತೋದು ಯಾವುದರಲ್ಲಿ?

ಷಮೀಮ ಮೊಣಕೈ ಹಾಕಿದಳು. ಸಿನಿಮಾನೇ ಹೋಯಿತು,
ಯಾರೋ ಅಜ್ಜ ಹಲಸಿನಹಣ್ಣು ಬಿಡಿಸೋದು ಬಂತು.
ಅದನ್ನೂ ಪೂರ್ತಿ ನೋಡಿದೆವು.
ಒಳ್ಳೇ ಹಣ್ಣು. ತೊಳೆ ಇಷ್ಟಿಷ್ಟು ದಪ್ಪ.
ಕೆಂಪಾಜಮ್ಮ ಕಾಲಿನ ಹೆಬ್ಬೆಟ್ಟು ಚಾಚಿದಳು.
“ಲಕ್ಷ್ಮಿ ಕಣಮ್ಮ ಅದು, ಕಾಲು ತಾಗಿಸಬೇಡ” ಅಂದೆ.
“ಲಕ್ಷ್ಮಿ ಏನೋ ಸರಿ, ಇನ್ನೂ ಮೂರು ಕಂತು ಬಾಕಿ” ಅಂದಳು ಷಮೀಮ.

ಉಳಿದದ್ದು ಮೂಗು.
ಸರದಿ ಪ್ರಕಾರ ಒಬ್ಬೊಬ್ಬರು ಬಗ್ಗಿ
ಮಗುವಿಗೆ ಮುತ್ತು ಕೊಡೋ ಹಾಗೆ ಗಾಜಿಗೆ ಮೂಗು ತಾಗಿಸ್ತೀವಿ.
ಬಣ್ಣದವನು ಮಾಯ. ಅವಳು ಬಾಗಿಲು ತೆಗೀತಾಳೆ.

ನಾಲ್ಕಕ್ಕೆ ಟೀ.
ಷಮೀಮಳ ನಾದಿನಿ ಕಾಸೋದು, ಶುಂಠಿ ಜಜ್ಜಿ,
ಹಾಲು ಕಡಿಮೆಯಾದ ದಿನ ಶುಂಠಿ ಜಾಸ್ತಿ.
ಎರಡು ಮಣಿಕಟ್ಟಿನ ನಡುವೆ ಲೋಟ ಹಿಡಿದು ಕುಡೀತೀವಿ,
ದಾರಿಹೋಕರು ನೋಡಿದರೆ
ಮೂರು ಅಳಿಲು ಕೂತಿವೆ ಅಂದುಕೋಬೇಕು.
ರಸ್ಕನ್ನು ಬಾಯಿಗೆ ಅವಳೇ ಇಡ್ತಾಳೆ, ಪಾಪ,
ಕೆಂಪಾಜಮ್ಮಂಗೆ ಮಾತ್ರ ಅದ್ದಿ, ಹಲ್ಲಿಲ್ಲವಲ್ಲ.

ಟೀ ಹೊತ್ತಲ್ಲಿ ಸಿನಿಮಾ ನಿಲ್ಲಿಸಲ್ಲ, ದನಿ ಸಣ್ಣದಾಗುತ್ತೆ.
ಕೆಂಪಾಜಮ್ಮ ತನ್ನದು ತೆಗೀತಾಳೆ:
“ಮದುವೆ ಆದ ವರ್ಷ ನಮ್ಮೆಜಮಾನ್ರು ಬಾಲ್ಕನಿ ಟಿಕೀಟು ತಂದಿದ್ರು.
ಆ ಫ್ಯಾನಿನ ಗಾಳಿ ಅಂದ್ರೆ! ಕೂತ ತಕ್ಷಣ ನಿದ್ದೆ.
ಎಲ್ರೂ ಎದ್ದು ಹೋಗುವಾಗ ಎಬ್ಬಿಸಿದ್ರು.
ಅದಕ್ಕೆ ಮುಂಚೆ ಅಷ್ಟು ಚೆನ್ನಾಗಿ ಮಲಗಿರಲಿಲ್ಲ,
ಆಮೇಲೂ ಇಲ್ಲ.”
ಯಾವ ಸಿನಿಮಾ ಅಮ್ಮ ಅದು?
“ಫ್ಯಾನಿನ ಸಿನಿಮಾ.”

ನಕ್ಕು ನಕ್ಕು ಷಮೀಮಳ ಟೀ ಚೆಲ್ಲಿ
ಹತ್ತು ಕಡ್ಡಿ ಹಾಳು. ಆ ಹತ್ತಕ್ಕೂ ಶುಂಠಿ ವಾಸನೆ.
ಗಂಧದ ಕಟ್ಟಿಗೇ ಸೇರಿಸಿದೆವು, ಯಾರಿಗೂ ಹೇಳಬೇಡಿ.
ಯಾರ ಮನೆಯ ದೇವರೋ
ಒಂದು ದಿನ ಟೀ ಕುಡಿದುಕೊಳ್ಳಲಿ.

ಐದೂವರೆಗೆ ಡೇಟಾ ಮುಗಿಯಿತು.
ಬಸ್‌ಸ್ಟ್ಯಾಂಡಿನಲ್ಲಿ ಅವಳು, ಕೈಯಲ್ಲಿ ಸೂಟ್‌ಕೇಸು,
ಬಾಯಿ ಅರ್ಧ ತೆರೆದಿದೆ,
ಮುಖದ ಮೇಲೆ ಗಿರಗಿರ ತಿರುಗೋ ಚಕ್ರ.
“ಹತ್ತಿಬಿಡ್ತಾಳೆ” ಅಂದಳು ಷಮೀಮ.
“ಅವನು ಓಡಿ ಬರ್ತಾನೆ” ಅಂದೆ ನಾನು, ನನ್ನದು ಯಾವಾಗಲೂ ಹಾಗೇ.
ಕೆಂಪಾಜಮ್ಮ ಹೊಸೆಯೋದು ಬಿಡದೆ,
“ನಿಂತಿರ್ಲಿ ಬಿಡ್ರೇ. ಬೆಳಿಗ್ಗೆಯಿಂದ ಅತ್ತಿದ್ದಾಳೆ,
ಹನ್ನೆರಡು ಗಂಟೆವರೆಗೆ ಸುಧಾರಿಸಿಕೊಳ್ಳಲಿ.”

ಆಗ ಗಮನಿಸಿದ್ದು.
ಯಾರಿಗೋ ಮೂಗು ಕೆರೆದು, ಕೈ ಸೋಕಿ,
ಅದೇ ಮೂಗು ಗಾಜಿಗೆ ತಾಗಿ
ಅವಳ ಎಡಗೆನ್ನೆಯ ಮೇಲೆ ಸರಿಯಾಗಿ ಒಂದು ಕಪ್ಪು ಬೊಟ್ಟು.
ಒರೆಸೋಣ ಅಂದರೆ ಯಾರ ಕೈಯೂ ಶುದ್ಧವಿಲ್ಲ.
“ಇರ್ಲಿ” ಅಂದಳು ಷಮೀಮ, “ದೃಷ್ಟಿ ಆಗಲ್ಲ.
ಬಸ್‌ಸ್ಟ್ಯಾಂಡಲ್ಲಿ ಒಬ್ಬಳೇ ನಿಂತಿದ್ದಾಳೆ.”