ಶೀಶೆಯ ಸಣ್ಣಕ್ಷರ

ಫೋಂಡಾ ದಾಟಿ, ಮುಚ್ಚಿಹೋದ ಗೋಡಂಬಿ ಕಾರ್ಖಾನೆಯ ಹಿಂದೆ
ಇಲಿಯಾಸ್ ಬೇಪಾರಿಯ ದೊಡ್ಡಿ. ತಗಡಿನ ಮಾಡು, ಇಪ್ಪತ್ತೆರಡು ಕೋಣ.
ನಾನು ತಿಂಗಳಿಗೆರಡು ಸಲ ಬರುವ ಡಾಕ್ಟರು.
ಬಂದರೆ ಮೊದಲು ನೋಡುವುದು ಮುಖವಲ್ಲ, ಸಗಣಿ.

ಹನ್ನೊಂದನೆಯದರದು ತೆಳ್ಳಗೆ, ಹಸಿರುಗಪ್ಪು,
ಬಾಲದ ಕುಚ್ಚಿನಿಂದ ಗೊರಸಿನ ತನಕ ಒಣಗಿ ಅಂಟಿದ ಗೆರೆ.
ಗದ್ದದ ಕೆಳಗೆ ನೀರು ಇಳಿದು ಜೋತ ಚೀಲ;
ಒತ್ತಿದರೆ ಬೆರಳು ಮಾಡಿದ ಕುಳಿ
ಕುಳಿಯಾಗಿಯೇ ಉಳಿಯುತ್ತದೆ ಸ್ವಲ್ಪ ಹೊತ್ತು.
ಕೆಳರೆಪ್ಪೆ ಮಗುಚಿದೆ:
ಫೆಸ್ತಕ್ಕೆ ಮುಂಚೆ ಇಗರ್ಜಿಗೆ ಬಳಿದ ಸುಣ್ಣ.

ಚೀಟಿಯಲ್ಲಿತ್ತು, ಗಡಹಿಂಗ್ಲಜ ಸಂತೆ.
ಹಾಗಾದರೆ ಇದಕ್ಕೆ ಕನ್ನಡ ಬರಬೇಕು.
"ಸರಿ, ಸರಿ ಅತ್ತಾಗ" ಎಂದೆ ಮೆಲ್ಲಗೆ.
ಸರಿಯಿತು.
ಬೆಳಗಿನಿಂದ ಕೊಂಕಣಿಯಲ್ಲಿ ಬೈದು ಹಿಂದಿಯಲ್ಲಿ ಬೈದು
ದಣಿದಿದ್ದ ಬಸ್ತ್ಯಾಂವ್ ಬಾಯಿ ತೆರೆದು ನಿಂತ.

ಅವರು ಚಹಾ ಕಾಸುವ ಬೆಂಚೇ ನನ್ನ ಪ್ರಯೋಗಶಾಲೆ.
ಮೂರು ಗ್ರಾಮು ಸಗಣಿ,
ಪೆಡಣೆಯ ಆಗರದ ಉಪ್ಪು ಇನ್ನು ಕರಗಲಾರದಷ್ಟು ಕರಗಿದ ನೀರು,
ಒಂದು ಸೋಸುವ ಜಾಲರಿ.
ಚಹಾದ್ದು ಬೇರೆ ತಾನೆ, ಎರಡು ಸಲ ಕೇಳಿದ ಬಸ್ತ್ಯಾಂವ್.
ಭಾರದ್ದೆಲ್ಲ ತಳಕ್ಕೆ. ಮೊಟ್ಟೆಗಳು ಮಾತ್ರ ಮೇಲೆ.
ಐದು ನಿಮಿಷ ಕಾದು, ಗಾಜಿನ ಗೆರೆಗಳ ನಡುವೆ
ಹೊಲ ಅಳೆಯುವ ಶಾನುಭೋಗನ ಹಾಗೆ ಕಣ್ಣು ನಡೆಸುತ್ತೇನೆ.
ಒಂದೊಂದು ಮೊಟ್ಟೆಯ ಒಳಗೂ
ಸೀತಾಫಲ ಬಿಡಿಸಿಟ್ಟಂತೆ ಉಂಡೆ ಉಂಡೆ ಜೀವ.
ಮೂವತ್ತಾರು. ಐವತ್ತರಿಂದ ಗುಣಿಸು.
ಗ್ರಾಮಿಗೆ ಸಾವಿರದ ಎಂಟುನೂರು.
ಕೋಣ ದಿನಕ್ಕೆ ಎಷ್ಟು ಕಿಲೋ ಹಾಕುತ್ತದೆ, ಉಳಿದ ಲೆಕ್ಕ ನೀವೇ ಮಾಡಿ.

"ನಾಳಿದ್ದು ಕಳಸೂದೈತಿ ಬಾಯಾರ" ಎಂದ ಇಲಿಯಾಸ್,
"ಎರಡು ದಿನದಾಗ ಹುಳಾ ತಿಂದ್ರ ಎಷ್ಟು ತಿಂದಾವು?"
ಸರಿಯಾದ ಪ್ರಶ್ನೆಯೇ.
ಆದರೆ ಅಷ್ಟರಲ್ಲಿ ನಾಲಿಗೆ ಪಕ್ಕಕ್ಕೆಳೆದು
ಹಾಲಿನಂಥ ಔಷಧ ಹೊಯ್ದಾಗಿತ್ತು ನಾನು.
ಮರೆತೆನೋ, ಮರೆತಂತೆ ಮಾಡಿದೆನೋ,
ಶೀಶೆಯ ಸಣ್ಣಕ್ಷರ ಆಮೇಲೆ ಓದಿ ಹೇಳಿದೆ:
ಕುಡಿಸಿದ ಮೇಲೆ ಹದಿನಾಲ್ಕು ದಿನ
ಮಾಂಸಕ್ಕೆ ಕೊಯ್ಯುವಂತಿಲ್ಲ.
"ಅಷ್ಟು ದಿನದ ಮೇವು ಯಾರ ಅಪ್ಪ ಹಾಕ್ತಾನ್ರಿ!"
ಎಲೆಯಡಿಕೆ ಉಗಿದು, ಕೆಂಪು ಬಣ್ಣದ ಡಬ್ಬಿ ತರಿಸಿ
ಕೊಂಬಿನ ಮೇಲೆ ತಾನೇ ಬರೆದ ತಾರೀಖು.

ಮಗಳ ಶಾಲೆಯಲ್ಲೂ ಆ ವಾರ ಅದೇ ಹೆಸರಿನ ಮಾತ್ರೆ,
ಅಗಿದು ನುಂಗುವಂಥದ್ದು. ಸಿಹಿ ಇತ್ತಮ್ಮ ಎಂದಳು.
ಅವಳ ಮೇಲೆ ಯಾರೂ ತಾರೀಖು ಬರೆಯಲಿಲ್ಲ.

ಮೂರನೇ ದಿನ ಬಸ್ತ್ಯಾಂವನ ಫೋನು: ಸಗಣಿ ಗಟ್ಟಿಯಾಯಿತು!
ತಂಗಿಗೆ ಗಂಡು ಗೊತ್ತಾದ ದನಿಯಲ್ಲಿ.
ಎಂಟಕ್ಕೆ ಗದ್ದದ ಚೀಲ ಬತ್ತಿ ಬರೀ ತೊಗಲು.
ಹತ್ತಕ್ಕೆ ಪಕ್ಕದ ಕೋಣನನ್ನು ಗೋದಲೆಯಿಂದ ನೂಕಿತಂತೆ.
ನಾನು ಹೋದಾಗ ಕಬ್ಬಿಣದ ಕಂಬಕ್ಕೆ
ಕತ್ತು ಉಜ್ಜುತ್ತ ನಿಂತಿತ್ತು, ಕಣ್ಣು ಅರೆಮುಚ್ಚಿ,
ಕಂಬ ತನ್ನದೇ ಎಂಬ ಹಾಗೆ.
ಇಲಿಯಾಸ್ ಸುತ್ತ ಒಂದು ಸುತ್ತು ಬಂದ,
ಬೆನ್ನು ತಟ್ಟಿದ, ಪಕ್ಕೆಲುಬು ತಡಕಿ ಸಿಗದೆ ನಕ್ಕ.
"ಏನಿಲ್ಲಂದ್ರೂ ಹತ್ತು ಕಿಲೋ ಏರೇತ್ರಿ.
ಉಳದ ಇಪ್ಪತ್ತೊಂದಕ್ಕೂ ಕುಡಸ್ರಿ."

ಕುಡಿಸಿದೆ.
ಇಪ್ಪತ್ತೊಂದು ಜೊತೆ ಕೊಂಬು, ಒಂದೇ ತಾರೀಖು.
ದೊಡ್ಡಿ ಒಣಗುವ ತನಕ ಕೆಂಪು ಬಣ್ಣ ನಾರುತ್ತಿತ್ತು.

ಹದಿನೈದನೆಯ ಬೆಳಿಗ್ಗೆ, ಮಗಳಿಗೆ ಜಡೆ ಹಾಕುತ್ತಿದ್ದೆ.
"ಹತ್ತುತ್ತಿಲ್ಲ ಡಾಕ್ಟರ್, ಹಲಗೆಗೆ ಅಡ್ಡ ನಿಂತಿದೆ,
ಅವತ್ತು ನೀವು ಅಂದ ಶಬ್ದ, ಏನದು?"
ಬಾಯಲ್ಲಿ ಕಚ್ಚಿದ್ದ ರಿಬ್ಬನ್ನು ತೆಗೆದೆ.
ಹೇಳಿದೆ.
ಎರಡು ಸಲ ತಪ್ಪು ಅಂದ, ಮೂರನೆಯದು ಒಪ್ಪವಾಗಿ ಬಂತು.
ಆಮೇಲೆ ಹಲಗೆಯ ಮೇಲೆ ಗೊರಸು,
ಒಂದು, ಎರಡು,
ಕಟ್ಟುವುದನ್ನು ಬಿಟ್ಟು ನಾನು ಎಣಿಸುತ್ತಿದ್ದೆ.