ಬಳಪದ ಕಲ್ಲು

ಅರಸೀಕೆರೆ ಬಸ್ಸಿಂದ ಇಳಿದವಳು
ಮೊದಲು ಕೇಳಿದ್ದು ನೀರನ್ನಲ್ಲ, ನೆರಳನ್ನಲ್ಲ,
ಗುಡಿಯ ಬೀಗದಕೈ ಯಾರ ಹತ್ತಿರ ಅಂತ.
ನನ್ನ ಸೊಂಟದಲ್ಲಿತ್ತು. ಹತ್ತೊಂಬತ್ತು ವರ್ಷದಿಂದ ಅಲ್ಲೇ ಇದೆ.

ಎಸ್ಟೋನಿಯಾ ಅನ್ನುವ ದೇಶ. ಶಾಲೆಯ ಗೋಳದಲ್ಲಿ
ಹುಡುಕಿ ತೋರಿಸಿದಳು,
ಅವಳ ಕಿರುಬೆರಳ ಉಗುರಿಗೇ ಮುಚ್ಚಿಹೋಯಿತು.
ಹೆಸರು ಮಾರಿತ್. ಮಧ್ಯಾಹ್ನದ ಸಾರು ಆರುವಷ್ಟರಲ್ಲಿ
ಹುಡುಗರ ಬಾಯಲ್ಲಿ ಮಾರಮ್ಮ ಮಿಸ್ಸು.
ಹೆಡ್‌ಮೇಡಂ ಗದರಿದರು. ಊರ ಹೆಂಗಸರು ಮಾತ್ರ
ಇರಲಿ ಬಿಡಿ, ಹೆಸರು ಗಟ್ಟಿಯಾಗಿದೆ ಅಂದರು.

ಸಂಬಳ ಎಷ್ಟು ಕೊಡ್ತಾರೆ ಅಂತ ಕೇಳಿದೆ.
ಇಲ್ಲ, ನಾನೇ ದುಡ್ಡು ಕಟ್ಟಿ ಬಂದೆ, ಅಂದಳು,
ಅರ್ಧ ಕನ್ನಡದಲ್ಲಿ, ಉಳಿದರ್ಧ ಕೈಯಲ್ಲಿ.
ಹುಣಸೆಕಟ್ಟೆಯ ಮೇಲೆ ಎರಡು ದಿನ ಅದೇ ಮಾತು:
ದುಡ್ಡು ಕೊಟ್ಟು ಯಾರಾದರೂ ಚಾಕರಿ ಮಾಡ್ತಾರಾ?
ಮೂರನೆಯ ದಿನ ಬಸಮ್ಮಣ್ಣಿ ತೀರ್ಪು ಕೊಟ್ಟಳು:
ಯಾಕಿಲ್ಲ, ನಾವು ರಸೀದಿ ಹರಿಸಿ
ದೇವರಿಗೆ ಸೇವೆ ಮಾಡಿಸಲ್ವಾ?
ಅವಳು ತಾನೇ ಮಾಡ್ತಾಳೆ, ಅಷ್ಟೇ.

ವಾರವೆಲ್ಲ ಮಕ್ಕಳಿಗೆ ಇಂಗ್ಲಿಷು. ಭಾನುವಾರ ನನ್ನ ಗುಡಿ.
ನನ್ನದು ಅನ್ನಬಾರದು, ಇಲಾಖೆಯ ನೀಲಿ ಬೋರ್ಡಿದೆ.
ಆದರೆ ಯಾವ ಕಂಬ ಬೇಸಗೆಯಲ್ಲೂ ತಣ್ಣಗಿರುತ್ತದೆ,
ಯಾವ ಬೊಂಬೆಯ ಕಂಕುಳಲ್ಲಿ ಜೇನು ಕಟ್ಟುತ್ತದೆ,
ಬೋರ್ಡಿಗೆ ಗೊತ್ತಿಲ್ಲ.
ನನಗೂ ಗೊತ್ತಿಲ್ಲದ್ದನ್ನು ಕೇಳುವಳು.
ಕೆಳಸಾಲಿನಲ್ಲಿ ಆನೆಗಳೆಷ್ಟು?
ಯಾರು ಎಣಿಸಿದ್ದಾರೆ!
ಮಂಡಿಯೂರಿ ಅವಳೇ ಹೊರಟಳು, ಎಡಕ್ಕೆ.
ಹಾಗಲ್ಲ, ಗುಡಿ ನಿನ್ನ ಬಲಗಡೆ ಇರಬೇಕು, ಅಂದೆ.
ಮತ್ತೆ ಒಂದರಿಂದ.
ನೂರ ಅರವತ್ತೇಳು. ಒಂದರ ಸೊಂಡಿಲಿನಂತೆ ಇನ್ನೊಂದಿಲ್ಲ.
ಬಡಗಣ ಮೂಲೆಯದ್ದಕ್ಕೆ ಮುಖವೇ ಇಲ್ಲ,
ಉಳಿ ಮುಟ್ಟಿದ ಗುರುತು, ಆಮೇಲೆ ಬರೀ ಕಲ್ಲು.
ಯಾಕೆ ಬಿಟ್ಟ? ಅಂದಳು.
ಕೂಲಿ ಬಂದಿರಲಿಲ್ಲವೇನೋ. ಜ್ವರವೇನೋ.
ಮನೆಯಿಂದ ಯಾರೋ ಹುಡುಕಿಕೊಂಡು ಬಂದಿರಬೇಕು.

ಇದು ಬಳಪದ ಕಲ್ಲು, ಹೇಳಿಕೊಟ್ಟೆ.
ಅಗೆದಾಗ ಮೆತ್ತಗೆ, ಗಾಳಿ ಕುಡಿದು ಗಟ್ಟಿ.
ಬಲಪ, ಅಂದಳು.
ಬಳಪ.
ಬಲಪ.
ನಾಲಿಗೆ ಹಿಂದಕ್ಕೆ ಮಡಚಬೇಕು ತಾಯಿ,
ವೀಳ್ಯದೆಲೆ ಮಡಚಿದ ಹಾಗೆ.
ಮಡಚಿದಳು, ನಕ್ಕಳು, ಬಲಪವೇ ಬಂತು.
ನಾನು ಕಾಳಯ್ಯ. ಅವಳಿಗೆ ಕಾಲಯ್ಯ.
ನನ್ನ ಕುಂಟು ಹೆಜ್ಜೆ ನೋಡಿ ಹುಡುಗರು ಬಿದ್ದುಬಿದ್ದು ನಕ್ಕವು.

ಮರುದಿನ ತರಗತಿಯಲ್ಲಿ ಸ್ಲೇಟಿನ ಬಳಪ ಎತ್ತಿ ಹಿಡಿದು
ಕಿಟಕಿಯಾಚೆ ಗುಡಿಗೆ ಕೈ ತೋರಿದಳಂತೆ: ಇದೂ ಅದೂ ಒಂದೇ.
ಸಂಜೆ ನಾಲ್ವರು ಬಂದು ಗೋಡೆ ಮೂಸಿದರು.
ಬಳಪ ತಿನ್ನುವ ಚಟದ ಕೆಂಚೀರ
ಆನೆಯ ಕಾಲನ್ನು ನೆಕ್ಕಿಯೇ ನೋಡಿದ.
ಹೌದು, ಅಂದ.

ಶಾಲೆಯ ಕಾಂಪೌಂಡಿಗೆ ಆನೆಸಾಲು ಬರೆಯಲು ಹಿಡಿದಳು.
ಹತ್ತಾಯಿತು. ಹನ್ನೊಂದನೆಯದರ ಬೆನ್ನು ಬಳಿಯುವಾಗ
ಫೋನು. ಅವಳ ಅಜ್ಜಿಗೆ ಏನೋ ಆಗಿತ್ತು.
ಬಣ್ಣದ ಕೈಯಲ್ಲೇ ಮಾತಾಡಿದಳು, ಬಹಳ ಹೊತ್ತು.
ಅತ್ತಳು ಅಂತ ನಾನು ಹೇಳುವುದಿಲ್ಲ,
ಕೆನ್ನೆಗೆ ಎರಡು ಕಡೆ ನೀಲಿ ಹತ್ತಿತ್ತು.

ಇನ್ನೂ ಮೂರು ವಾರ ಉಳಿದಿತ್ತು.
ಬಸಮ್ಮಣ್ಣಿ ಕೊಬ್ಬರಿ ಮಿಠಾಯಿ ಕಟ್ಟಿಕೊಟ್ಟಳು,
ವಿಮಾನದಲ್ಲಿ ಬಿಡ್ತಾರೋ ಇಲ್ಲವೋ ಎನ್ನುತ್ತಲೇ.
ಬರ್ತೀನಿ ಕಾಲಯ್ಯ, ಅಂದಳು ಬಸ್ಸಿನ ಮೆಟ್ಟಿಲಿಂದ.
ಹೋಗ್ತೀನಿ ಅನ್ನಬಾರದು ಅಂತ
ಯಾರು ಹೇಳಿಕೊಟ್ಟಿದ್ದರೋ.

ಹನ್ನೊಂದನೆಯದನ್ನು ಹುಡುಗರೇ ಮುಗಿಸಿದರು,
ಎಮ್ಮೆಯ ಹಾಗಿದೆ.
ಹನ್ನೆರಡನೆಯದರ ಬೆನ್ನಿಗೆ ಸ್ಕೂಲ್‌ಬ್ಯಾಗು.
ಹೆಡ್‌ಮೇಡಂ ಹುಬ್ಬು ಗಂಟಿಕ್ಕಿದರು, ಆಮೇಲೆ
ಇನ್ನೊಂದು ಡಬ್ಬ ನೀಲಿ ತರಿಸಿಕೊಟ್ಟರು.

ಬಡಗಣ ಮೂಲೆಗೆ ಈಗ ದಿನಕ್ಕೊಮ್ಮೆ ಹೋಗುತ್ತೇನೆ.
ಎಣಿಸುವುದಿಲ್ಲ. ಆ ಮುಖವಿಲ್ಲದ ಕಡೆ
ಅಂಗೈ ಇಟ್ಟು ಬರುತ್ತೇನೆ, ಬಿಸಿಲಿಗೆ ಕಾದಿರುತ್ತದೆ.
ಯಾರಾದರೂ ಕಾಳಯ್ಯ, ಬೀಗ ತೆಗಿ, ಅಂತ ಕೂಗಿದರೆ
ಹೆಸರು ಸರಿಯಾಗಿಯೇ ಇರುತ್ತದೆ.
ನಾನು ತಿರುಗುವುದು
ಒಂದು ಗಳಿಗೆ ತಡ.