ಮೂರು ಹಳದಿ ವೈರು

ಬಲ್ಬು ಎರಡು ಸಲ ಬದಲಾಯಿಸಿದ್ದಾರೆ ಯಾರೋ,
ಬ್ಯಾಟರಿಯೂ ಹೊಸದು. ಆದರೂ
ಮೀನಿನ ಶೀನ ಖಾರ್ವಿಯ ಗಾಡಿ
ಎಕ್ಸಿಲೇಟರ್ ಕೊಟ್ಟರಷ್ಟೇ ಕಣ್ಣು ಬಿಡುತ್ತದೆ.

"ಬಾಳೆಬರೆ ಘಾಟಿ, ಬೆಳಗಿನ ನಾಲ್ಕು ಗಂಟೆ.
ತಿರುವಲ್ಲಿ ನಿಧಾನ ಮಾಡಿದೆನೋ, ಕತ್ತಲೆ.
ಕಾಣ್ಬೇಕಾದ್ರೆ ಓಡಿಸ್ಬೇಕು ಮಾರಾಯಾ,
ಓಡಿಸ್ಬೇಕಾದ್ರೆ ಕಾಣ್ಬೇಕು."

ಸೀಟು ಬಿಚ್ಚಿ ಮೀಟರಿನ ಕಡ್ಡಿ ಇಟ್ಟೆ.
ಸುಮ್ಮನೆ ನಿಂತಾಗ ಹನ್ನೊಂದೂ ಮುಕ್ಕಾಲು.
ರೇಸ್ ಮಾಡಿಸಿದೆ: ಹನ್ನೆರಡೂವರೆ, ಅಲ್ಲೇ ತಿಣುಕಿತು.
ಹದಿನಾಲ್ಕು ಬರಬೇಕಿತ್ತು.

ಕಾಯಿಲ್‌ನಿಂದ ಹೊರಟ ಮೂರು ಹಳದಿ ವೈರು ಹಿಡಿದು
ಬೆರಳಲ್ಲೇ ಹಿಂದೆ ಹಿಂದೆ ಹೋದೆ.
ಮೀನಿನ ಪೆಟ್ಟಿಗೆಯ ಕೆಳಗೆ ಸಿಕ್ಕಿತು ಕಪ್ಲರ್.
ಎಳೆದರೆ ಬರಲಿಲ್ಲ. ಸ್ಕ್ರೂಡ್ರೈವರಲ್ಲಿ ಮೀಟಿದೆ.
ಒಳಗೆ ಪಾಚಿಯಂಥ ಹಸಿರು,
ಒಂದು ಪಿನ್ನು ಸುಟ್ಟು ಕರಕಲು,
ಬಂಗುಡೆ ವಾಸನೆ.

ಆರು ವರ್ಷ ಐಸು ಕರಗಿ ಕರಗಿ
ಉಪ್ಪುನೀರು ತೊಟ್ಟಿಕ್ಕಿದ್ದು ಇಲ್ಲಿಗೇ.
"ನಿನ್ನ ಮೀನೇ ತಿಂದಿದೆ ಶೀನಣ್ಣ, ನಿನ್ನ ಬೆಳಕನ್ನ."
ಅವನು ನಗಲಿಲ್ಲ. ಮೂಸಿ ನೋಡಿದ.

ಕತ್ತರಿಸಿ, ಬೆಸೆದು, ಟೇಪು ಸುತ್ತಿ
ಪೆಟ್ಟಿಗೆಯಿಂದ ದೂರ ಕಟ್ಟಿದೆ.
ಹೊಸನಗರದ ಸಂಜೆ; ಎದುರಂಗಡಿಯ ಶಟರಿನ ಮೇಲೆ
ಬಿದ್ದ ಬೆಳಕು ಅಲುಗಲಿಲ್ಲ.

ನಿಂತೇ ಇತ್ತು ಗಾಡಿ.
ಖಾರ್ವಿಯ ಬಲಗೈ ಮಾತ್ರ
ತಿರುಚುತ್ತಲೇ ಇತ್ತು.